ಬಸ್ಸು ಹತ್ತಿದ ಕತ್ತೆ

ಹಾಫ್ ಟ್ರೀ ಹಾಲೋ,
ಸೇಂಟ್ ಹೆಲೀನಾ
ಮೇ 14, 2019

ತಂಗಿ ಡೊರೀನ್‌ಗೆ ಅಣ್ಣ ಸ್ಟೆಡ್ಸನ್ ಮಾಡುವ ಆಶೀರ್ವಾದ.

ಮೊಣಕಾಲೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಕಾಗದ ತಡವಾಯಿತು, ಬೇಸರಿಸಬೇಡ. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಶಾಲೆ ಬಿಟ್ಟು ದೋಣಿ ಹತ್ತಿದವನ ಅಕ್ಷರ, ಓದಲಾಗದಿದ್ದರೆ ಕನ್ನಡಕ ಹಾಕಿಕೊ. ಫೋನಿನಲ್ಲಿ ಬೈಯೋಣವೆಂದರೆ ನೀನು "ಲೈನ್ ಸರಿಯಿಲ್ಲಣ್ಣ" ಎಂದು ಇಟ್ಟುಬಿಡುತ್ತೀಯ.

ನಿನ್ನ ದೂರನ್ನು ಮೇವಿಸಳ ಅಂಗಡಿಗೆ ಹೋಗಿ ಮುಟ್ಟಿಸಿದೆ. ಇಂಗ್ಲೆಂಡಿನ ನಿಮ್ಮ ಸ್ವಿಂಡನ್ನಿನ ಬಸ್ಸಿನಲ್ಲಿ ನೀನು ಕೊಟ್ಟ ಚಿಲ್ಲರೆಯಲ್ಲಿ ನಮ್ಮೂರ ಎರಡು ಪೆನ್ನಿಯ, ಕತ್ತೆ ಚಿತ್ರದ ನಾಣ್ಯವೊಂದು ಸೇರಿತ್ತಂತೆ, ಡ್ರೈವರ್ ಅದನ್ನು ಎಲ್ಲರೆದುರು ಎತ್ತಿ ಹಿಡಿದು ನಕ್ಕು ವಾಪಸ್ ಕೊಟ್ಟನಂತೆ, ಮೇವಿಸ್ ನಿನಗೆ ಮೋಸ ಮಾಡಿದಳಂತೆ. ಬ್ರೆಡ್ಡಿಗೆ ಸಾಲು ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿದರು.

"ಮೋಸಾನಾ?" ಮೇವಿಸ್ ಗಲ್ಲಾಪೆಟ್ಟಿಗೆಯನ್ನು ಕುಟ್ಟಿದಳು. "ಹೊರಡೋ ಹಿಂದಿನ ದಿನ ಬಂದು, 'ಮೇವಿಸ್, ನಂಗೆ ನಿಜವಾದ ದುಡ್ಡು ಕೊಡೇ' ಅಂದ್ಲು ನಿನ್ ತಂಗಿ. ನಿಜವಾದ್ದಂತೆ! ಹಾಗಾದ್ರೆ ನಾನು ದಿನಾ ಎಣಿಸೋದು ಏನು, ಹುಣಸೆಬೀಜಾನಾ? ಜನ ಕಾಯ್ತಿದ್ರೂ ಗಲ್ಲಾ ಕವುಚಿ ಇಂಗ್ಲೆಂಡ್ ನಾಣ್ಯಾನೆಲ್ಲ ಆರಿಸಿ ಕೊಟ್ಟೆ. ಅವರದು ನಮ್ಮದು ಎರಡರಲ್ಲೂ ಅದೇ ರಾಣಿ ಮುಖ ಸ್ಟೆಡ್ಸನ್ನಣ್ಣ! ತಿರುಗಿಸಿ ನೋಡ್ಕೊಳ್ಬೇಕಿತ್ತು ಮಹಾರಾಣಿ."

ಸಾಲಿನ ಕೊನೆಯಿಂದ ಮುದುಕ ಬೇಸಿಲ್, "ಬಿಡೇ ಮೇವಿಸ್, ಈಗ ನಮ್ಮೂರ ಕತ್ತೆಗೂ ಸ್ವಿಂಡನ್ ಹುಚ್ಚು ಹಿಡಿದಿದೆ" ಎಂದ. ಅಂಗಡಿಗೆ ಅಂಗಡಿಯೇ ನಕ್ಕಿತು. ನಾನು ಬ್ರೆಡ್ ತೆಗೆದುಕೊಳ್ಳದೆ ಬಂದೆ.

ಇಂಗ್ಲೆಂಡಿನ ನಾಣ್ಯ ಇಲ್ಲಿ ನಡೆಯುತ್ತದೆ, ನಮ್ಮದು ಅಲ್ಲಿ ನಡೆಯುವುದಿಲ್ಲ. ಇದು ಹೊಸ ಸುದ್ದಿಯಲ್ಲ. ಆದರೆ ಅಲ್ಲಿ ನಡೆಯದ್ದೆಲ್ಲ ಸುಳ್ಳೇನೇ? ಆ ಕತ್ತೆಯ ಬೆನ್ನ ಮೇಲೆ ಸೌದೆ ಇದೆ. ಅಜ್ಜಿಯ ಕತ್ತೆ ಹಾಗೇ ಹೊತ್ತು ಇಳಿಯುತ್ತಿತ್ತು. ಅದರ ಬಾಲ ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದವಳು ನೀನೇ.

ಫೆಬ್ರವರಿಯಲ್ಲಿ ನೀನು ಬಂದಿಳಿದ ದಿನವೇ ನನಗೆ ಅನುಮಾನ ಬರಬೇಕಿತ್ತು. ಬಾಗಿಲ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿ ಕೈಗೆ ಕೊಟ್ಟೆ. ಹೊರಡುವವರು ಜೇಬಿನಲ್ಲುಳಿದ ನಮ್ಮೂರ ಚಿಲ್ಲರೆಯನ್ನು ಅದರಲ್ಲಿ ಹಾಕಿ ಹೋಗುವುದು, ತಿರುಗಿ ಬಂದಾಗ ಅದೇ ಚಿಲ್ಲರೆಯಲ್ಲಿ ಮೊದಲ ಬ್ರೆಡ್ ತರುವುದು. ಅಪ್ಪ ಅಸೆನ್ಷನ್ ದ್ವೀಪಕ್ಕೆ ಕೆಲಸಕ್ಕೆ ಹೋದಾಗಲೆಲ್ಲ ಹೀಗೇ ಮಾಡಿದ. "ಹಾಕಿ ಹೋದೋರು ಬಂದೇ ಬರ್ತಾರೆ" ಎಂದು ಅಮ್ಮ ಡಬ್ಬಿಯನ್ನು ಒರೆಸಿ ಇಡುತ್ತಿದ್ದಳು. ನೀನು ಹುಡುಗಿಯಾಗಿ ಹಡಗು ಹತ್ತುವಾಗ ಹಾಕಿದ್ದನ್ನು ಇಪ್ಪತ್ತು ವರ್ಷದ ಮೇಲಾದರೂ ಯಾರೂ ಮುಟ್ಟಿರಲಿಲ್ಲ. ಮನೆಯಲ್ಲಿ ಬ್ರೆಡ್ ಇಲ್ಲದ ದಿನವೂ ಮುಟ್ಟಿರಲಿಲ್ಲ. ನೀನು ಡಬ್ಬಿ ಅಲ್ಲಾಡಿಸಿ, "ಇದೆಲ್ಲ ಈಗ್ಲೂ ನಡೆಯುತ್ತಾ ಅಣ್ಣ?" ಎಂದೆ. ನಡೆಯಿತು. ಬ್ರೆಡ್ ಬಂತು. ನೀನೇ ತಿಂದೆ.

ಬೇರೆ ಸುದ್ದಿ ಏನೂ ಇಲ್ಲ. ಟ್ಯೂನಾ ಮೀನು ಕಡಿಮೆ. ಹಡಗು ತಡ, ಆದ್ದರಿಂದ ಆಲೂಗಡ್ಡೆ ಇಲ್ಲ. ಆಲೂಗಡ್ಡೆ ಇಲ್ಲದೆ ಮೀನಿನ ವಡೆ ಮಾಡಿದೆ, ನಾಯಿಯೂ ಮೂಸಲಿಲ್ಲ. ನೀನು ಮೇವಿಸಳಿಗೆ ಫೋನು ಮಾಡಿ ತಪ್ಪಾಯಿತು ಎನ್ನು. ಈ ಊರಿನಲ್ಲಿ ಬ್ರೆಡ್ ತಿನ್ನಬೇಕಾದವನು ನಾನು, ನೀನಲ್ಲ.

ಅಲ್ಲಿ ಈಗ ಬೇಸಿಗೆ ಬರುತ್ತದಂತೆ. ನಂಬಬೇಡ, ಚಳಿಗೆ ಕಿವಿ ಮುಚ್ಚಿಕೊ. ದೇವರು ನಿನ್ನನ್ನೂ ಮಕ್ಕಳನ್ನೂ ಕಾಯಲಿ. ಬಿಡುವಾದಾಗ ನಿನಗೆ ಬುದ್ಧಿಯನ್ನೂ ಕೊಡಲಿ.

ನಿನ್ನ ಅಣ್ಣ,
ಸ್ಟೆಡ್ಸನ್

ತಾ.ಕ.: ನಿನ್ನನ್ನು ವಿಮಾನಕ್ಕೆ ಬಿಟ್ಟು ಬಂದು ಡಬ್ಬಿ ಅಲ್ಲಾಡಿಸಿದೆ. ಸದ್ದಿಲ್ಲ. ಅವಸರದಲ್ಲಿ ಬೇರೆಲ್ಲೋ ಇಟ್ಟಿರಬಹುದೆಂದು ಮಂಚದ ಕೆಳಗೂ ಕೋಲು ಹಾಕಿ ಹುಡುಕಿದೆ. ನಮ್ಮೂರ ಕೊನೆಯ ಪೆನ್ನಿಯನ್ನೂ ಬಿಡದೆ ಬದಲಾಯಿಸಿಕೊಂಡು ಹೋದಳು ಎಂದು ಮೇವಿಸ್ ಹೇಳಿದ ಮೇಲೆ ಹುಡುಕುವುದು ನಿಲ್ಲಿಸಿದೆ. ನಾನೇ ನಿನ್ನ ಪರವಾಗಿ ಒಂದು ಹಾಕಿ, ಮತ್ತೆ ತೆಗೆದೆ. ಹೋದವರ ಕೈಯದ್ದೇ ಆಗಬೇಕು. ಆ ಕತ್ತೆಯನ್ನು ಎಸೆದಿಲ್ಲ ತಾನೆ? ಲಕೋಟೆಯಲ್ಲಿಟ್ಟು ಕಳಿಸು. ಕಳಿಸುವ ಮನಸ್ಸಿಲ್ಲದಿದ್ದರೆ ಹಾಗೆಂದು ಬರೆ. ಡಬ್ಬಿಯಲ್ಲಿ ಗಾಳ ಇಟ್ಟುಕೊಳ್ಳುತ್ತೇನೆ.