ಎದೆಯಾಳಿನ ಸಾಲಿನಲ್ಲಿ ನನ್ನ ಹೆಸರಿಲ್ಲ

ಗದಗ, ಕಪ್ಪತಗುಡ್ಡದ ದಿಕ್ಕಿನ ಓಣಿ
ಗಾಳಿಶಕೆ ತೊಂಬತ್ತನಾಲ್ಕು, ಎರಡನೆಯ ಶ್ರಾವಣದ ಮೂವತ್ತಮೂರನೆಯ ದಿನ

ಸಿಸ್ಟರ್ ಲೀಲಾವತಿ ಬಾರಕೇರ ಅವರಿಗೆ,

ತಾರೀಖು ನೋಡಿ ಇದು ಯಾರೋ ತಲೆಕೆಟ್ಟವರ ಕಾಗದವೆಂದು ಹರಿದು ಹಾಕಬೇಡಿ. ನಿಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತೋ ಮೂವತ್ತೊಂದೋ ದಿನಗಳಿದ್ದವಂತೆ. ನಮ್ಮಲ್ಲಿ ಗುಡ್ಡದ ಗಾಳಿ ನಿಲ್ಲುವವರೆಗೆ ಶ್ರಾವಣ ಮುಗಿಯುವುದಿಲ್ಲ. ನೀವು ಇದನ್ನು ಓದುವಾಗ ನಾನು ಹುಟ್ಟಲು ಇನ್ನೂ ನೂರೈವತ್ತು ವರ್ಷ ಬಾಕಿ ಇರುತ್ತದೆ. ಹಳೆಯ ಪುಸ್ತಕಗಳನ್ನು ಓದಿ ನಿಮ್ಮ ಕಾಲದ ಕನ್ನಡದಲ್ಲಿ ಬರೆಯಲು ಹೆಣಗಿದ್ದೇನೆ. ನಡುನಡುವೆ ನಮ್ಮ ಮಾತು ನುಸುಳಿದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದವನ್ನು ನಿಮಗೆ ತಲುಪಿಸುವುದು ಹಿಂದಂಚೆ ಎಂಬ ಇಲಾಖೆ. ಹಿಂದಿನವರಿಗೆ ಬರೆಯಲು ಪ್ರತಿಯೊಬ್ಬರಿಗೂ ಆಯುಷ್ಯದಲ್ಲಿ ಒಂದೇ ಸಲ ಹಾಳೆ ಕೊಡುತ್ತಾರೆ. ಬರೆದದ್ದನ್ನು ಅಳಿಸಲು ಬರುವುದಿಲ್ಲ, ಶುರು ಮಾಡಿದ ಕಾಗದ ಹೋಗಲೇಬೇಕು. ನಮ್ಮ ಪಕ್ಕದ ಮನೆಯ ಈರಪ್ಪನವರು ತಮ್ಮ ಮುತ್ತಜ್ಜನಿಗೆ ಬರೆದು, ಮನೆಯ ಬಾಗಿಲು ಪೂರ್ವಕ್ಕೆ ಇಡಿಸಿ ಎಂದು ಕೇಳಿಕೊಂಡಿದ್ದರು. ಮರುದಿನ ಬಾಗಿಲು ಪೂರ್ವಕ್ಕೇ ಇತ್ತು, ಅದು ಮೊದಲಿನಿಂದಲೂ ಅಲ್ಲೇ ಇತ್ತೆಂದು ಅವರು ಎಲ್ಲರ ಜೊತೆ ವಾದಿಸಿದರು. ಇಲಾಖೆಯವರು ಅವರದೇ ಕಾಗದದ ನಕಲು ತೋರಿಸಿದ ಮೇಲೆಯೇ ಬಾಯಿ ಮುಚ್ಚಿದ್ದು. ಆದ್ದರಿಂದ ನಾನು ಕೇಳುವುದು ನಡೆದೇ ನಡೆಯುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಬೇರೆಯವರು ತೀರಿಹೋದ ಗಂಡನಿಗೋ ಮಗುವಿಗೋ ಬರೆಯುತ್ತಾರೆ. ನಾನು ನಿಮ್ಮ ಜೊತೆ ಜಗಳ ತೆಗೆಯಲು ಬರೆಯುತ್ತಿದ್ದೇನೆ. ನನಗೆ ಹೊಟ್ಟೆಕಿಚ್ಚಾಗಿದೆ, ಅದರ ಮೂಲ ನೀವು.

ನನ್ನ ಹೆಸರು ಇಂದುಮತಿ. ವಯಸ್ಸು ನಲವತ್ತೊಂದು. ಗುಡ್ಡದ ಮೇಲಿದ್ದ ಹಳೆಯ ಗಾಳಿಯಂತ್ರಗಳ ರೆಕ್ಕೆಗಳನ್ನು ಸೀಳಿ ಹೊದಿಸಿದ ಮಾಡಿನ ಕೆಳಗೆ ನಾನೊಂದು ಖಾನಾವಳಿ ನಡೆಸುತ್ತೇನೆ. ನಮ್ಮ ಓಣಿಯ ಮನೆಗಳೆಲ್ಲ ರೆಕ್ಕೆಮಾಡಿನವೇ. ಗಾಳಿ ಬೀಸಿದರೆ ಇಡೀ ಓಣಿ ಗುಂಯ್ ಎನ್ನುತ್ತದೆ, ಮಾತನಾಡುವವರು ಸ್ವಲ್ಪ ಹೊತ್ತು ಸುಮ್ಮನಾಗಿ ಆಮೇಲೆ ಮುಂದುವರಿಸುತ್ತಾರೆ. ರೊಟ್ಟಿ ಬಡಿಯುವ ಯಂತ್ರಗಳು ಬಂದು ಹಳೆಯದಾದರೂ ನಮ್ಮಲ್ಲಿ ಕೈಯಿಂದಲೇ ಬಡಿಯುತ್ತೇವೆ, ಏಕೆಂದರೆ ನನ್ನ ತಾಯಿ ಗುರುಬಸವ್ವ ಯಂತ್ರದ ರೊಟ್ಟಿಯನ್ನು ಮೂಸಿಯೂ ನೋಡುವುದಿಲ್ಲ. ಅವಳಿಗೆ ಎಪ್ಪತ್ತಾಯಿತು. ಹೋದ ಯುಗಾದಿಗೆ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಅದು ಕ್ಯಾನ್ಸರ್ ಎಂದಾಯಿತು. ನಿಮ್ಮ ಕಾಲದ ನಂತರ ಎಷ್ಟೋ ಮದ್ದುಗಳು ಬಂದು ಹೋಗಿವೆ, ಆದರೆ ಅವಳ ಗಂಟಿನ ಜಾತಿಗೆ ಇಂದಿಗೂ ನೀವು ಕ್ಯಾನ್ಸರ್ ವಾರ್ಡಿನ ನರ್ಸಾಗಿ ಕೊಡುತ್ತಿದ್ದ ಆ ಕೆಂಪು ಮದ್ದೇ ಗತಿ. ಎಂಟು ಸಲ ಕೊಡಬೇಕು. ಅದು ಗಂಟನ್ನು ಕರಗಿಸುತ್ತದೆ, ತಡೆಯದೆ ಬಿಟ್ಟರೆ ಹೃದಯವನ್ನೂ ಹಾಳು ಮಾಡುತ್ತದೆ. ಅವ್ವನ ಹೃದಯವೋ ಮೊದಲೇ ಅಶಕ್ತ. ಕಾವಲು ಮದ್ದು ಒಂದು ಸಲ ತಪ್ಪಿದರೂ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದರು.

ಕಾವಲು ಮದ್ದೆಂದರೆ ನಿಮಗೆ ಗೊತ್ತೇ ಇದೆ, ಕೆಂಪು ಮದ್ದಿಗೆ ಮೊದಲು ಕೊಡುವ, ಹೃದಯವನ್ನು ಕಾಯುವ ಔಷಧಿ. ನಿಮ್ಮಲ್ಲಿ ಅದು ಬಾಟಲಿಯಿಂದ ಇಳಿಯುತ್ತಿತ್ತು. ನಮ್ಮಲ್ಲಿ ತೋಳಿಗೆ ಪಟ್ಟಿ ಕಟ್ಟುತ್ತಾರೆ, ಅರ್ಧ ತಾಸಿನಲ್ಲಿ ಮದ್ದು ಒಳಗಿಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮೊದಲು ಇದು, ಆಮೇಲೆ ಕೆಂಪು. ಒಮ್ಮೆ ನಿಮ್ಮ ವಾರ್ಡಿನಲ್ಲಿ ಇದು ಹಿಂದುಮುಂದಾಗುವುದರಲ್ಲಿತ್ತಂತೆ. ರೋಗಿಯ ಪಕ್ಕದಲ್ಲಿ ಮೂವರು ನೆಂಟರಿದ್ದರೂ ಇನ್ನೊಬ್ಬರು ಹೊತ್ತು ನೋಡುತ್ತಿದ್ದಾರೆಂದು ಮೂವರೂ ಹರಟುತ್ತಿದ್ದರಂತೆ. ಅಂದಿನಿಂದ ನೀವು ರೋಗಿಯನ್ನೇ ಕೇಳಿ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳತೊಡಗಿದಿರಿ. ಹೊತ್ತು ಮುಗಿಯಿತೆಂದು ಆ ಒಬ್ಬರು ಹೇಳುವವರೆಗೆ ಕೆಂಪು ಮದ್ದನ್ನು ಮುಟ್ಟುತ್ತಿರಲಿಲ್ಲ. ನೀವು ಗೋಡೆಗೆ ಅಂಟಿಸಿದ್ದ ಕಾಗದದ ಮಾತು ಇಂದಿಗೂ ಎಲ್ಲ ವಾರ್ಡಿನ ಬಾಗಿಲ ಮೇಲಿದೆ: “ಒಬ್ಬರ ಕೂಡ್ರಿ. ಹೊತ್ತು ನೋಡ್ರಿ. ಆಮ್ಯಾಲೆ ನನಗ ಹೇಳ್ರಿ.”

ನೀವು ಕೆಲಸಕ್ಕೆಂದು ಮಾಡಿದ್ದನ್ನು ಜನ ಏನು ಮಾಡಿಟ್ಟಿದ್ದಾರೆ ನೋಡಿ. ಹಾಗೆ ಕೂರುವವರಿಗೆ ಈಗ ಎದೆಯಾಳು ಎಂದು ಹೆಸರು. ಯಾರಿಗೆ ಯಾರು ಎದೆಯಾಳು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರಿನ ಕೆಳಗೆ ‘ತಂದೆಗೆ ಎದೆಯಾಳಾಗಿದ್ದವಳು’ ಎಂದು ಅಚ್ಚು ಹಾಕಿಸುತ್ತಾರೆ. ಹೆಂಡತಿಯನ್ನು ಬಿಟ್ಟು ಗೆಳೆಯನ ಹೆಸರು ಬರೆಸಿದವನೊಬ್ಬ ಗುಣವಾಗಿ ಬಂದರೂ ಮನೆಯೊಳಗೆ ಕಾಲಿಡಲಾಗದೆ ಆರು ತಿಂಗಳು ನನ್ನ ಖಾನಾವಳಿಯಲ್ಲೇ ಉಂಡ. ನಾನು ಆಗ ಅವನನ್ನು ಗೇಲಿ ಮಾಡಿದ್ದೆ.

ನನ್ನ ಅವ್ವ ಬರೆಸಿದ್ದು ಕಸ್ತೂರಿಯ ಹೆಸರು. ಕಸ್ತೂರಿ ನನ್ನ ತಮ್ಮನ ಹೆಂಡತಿ, ಈ ಮನೆಗೆ ಬಂದು ಬರೀ ಮೂರು ವರ್ಷ. ಅವ್ವನ ತಲೆ ಬಾಚುವವಳು ನಾನು, ಕಾಲು ಒತ್ತುವವಳು ನಾನು, ಅವಳು ಬಾಯಿ ಬಿಡುವ ಮೊದಲೇ ನೀರು ತಂದುಕೊಡುವವಳು ನಾನು. ಕಸ್ತೂರಿಗೆ ಅವ್ವನ ಸಾರಿಗೆ ಎಷ್ಟು ಖಾರ ಎಂಬುದು ಕೂಡ ಗೊತ್ತಿಲ್ಲ. ಆದರೂ ಪ್ರತಿ ಸಲ ಅವಳು ಒಳಗೆ, ನಾನು ಹೊರಗೆ ರೊಟ್ಟಿಯ ಡಬ್ಬಿ ಹಿಡಿದುಕೊಂಡು. ಓಣಿಯ ಹೆಂಗಸರು ಅವಳಿಗೆ ಕುಂಕುಮ ಹಚ್ಚಿ ಮಾತನಾಡಿಸುವಾಗ ನನ್ನ ಕಡೆ ನೋಡುವ ನೋಟವಿದೆಯಲ್ಲ, ಅದನ್ನು ತಡೆಯಲಾರೆ. ಅವಳು ನಕ್ಕರೆ ಉರಿಯುತ್ತದೆ, ಸುಮ್ಮನಿದ್ದರೆ ಇನ್ನೂ ಉರಿಯುತ್ತದೆ. ಚೀಟಿಗೆ ಮುಂಚಿನ ನಿಮ್ಮ ಕಾಲದವರನ್ನು ನೆನೆದರೂ ಉರಿಯುತ್ತದೆ. ಅಲ್ಲಿ ಅದು ಬರೀ ಒಂದು ಕುರ್ಚಿ, ಯಾರು ಬಂದರೋ ಅವರು ಕೂತರು, ಎದ್ದು ಹೋದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಚೀಟಿಯ ಪದ್ಧತಿಯನ್ನು ಶುರು ಮಾಡಲೇಬೇಡಿ. ಯಾರ ಹೆಸರನ್ನೂ ಬರೆಸಬೇಡಿ. ಬಂದವರು ಬಂದಂತೆ ಕೂರಲಿ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಇವತ್ತು ಐವತ್ತೇಳನೆಯ ದಿನ. ನಡುವೆ ಅವ್ವನಿಗೆ ಐದನೆಯ ಸಲದ ಮದ್ದು ಆಯಿತು. ಆ ದಿನ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಮಗೆ ಹೇಳಲೇಬೇಕು.

ಮದ್ದು ಬೆಳಿಗ್ಗೆ ಹತ್ತಕ್ಕಿತ್ತು. ಮಧ್ಯಾಹ್ನ ಮೂರಕ್ಕೆ ಬದಲಾಯಿಸಿದ್ದಾರೆ ಎಂದು ಕಸ್ತೂರಿಗೆ ಸುಳ್ಳು ಹೇಳಿದೆ. ಅವಳು ಅನುಮಾನವೇ ಪಡದೆ ಬಟ್ಟೆ ಒಗೆಯಲು ಹೋದಳು. ಎದೆಯಾಳು ಬಾರದಿದ್ದರೆ ಮನೆಯ ಇನ್ನೊಬ್ಬರು ಕೂರಬಹುದೆಂಬ ನಿಯಮವಿದೆ. ನಾನು ಇಳಕಲ್ ಸೀರೆ ಉಟ್ಟು, ಮದುವಣಗಿತ್ತಿಯ ಹಾಗೆ ಹೋಗಿ ಆ ಕುರ್ಚಿಯಲ್ಲಿ ಕೂತೆ. ಅವ್ವ ನನ್ನನ್ನೂ ಸೀರೆಯನ್ನೂ ನೋಡಿದಳು. ನರ್ಸ್ ಹುಡುಗಿ ತೋಳಿಗೆ ಪಟ್ಟಿ ಕಟ್ಟಿ ಬೇರೆ ಹಾಸಿಗೆಯ ಕಡೆ ಹೋದಳು. ನಾನು ಅವ್ವನ ಕೈ ಹಿಡಿದುಕೊಂಡೆ. ಅಷ್ಟು ದಿನದ ಸಿಟ್ಟೆಲ್ಲ ಅಳುವಾಗಿ ಬಂತು. ಅವ್ವ ಮಲಗಿದ್ದಲ್ಲೇ ಪಟ್ಟಿಯಿಲ್ಲದ ಕೈಯಿಂದ ನನ್ನ ಬೆನ್ನು ಸವರುತ್ತಿದ್ದಳು.

ಹತ್ತೋ ಹನ್ನೆರಡೋ ನಿಮಿಷವಾಗಿರಬಹುದು. ಕಿಟಕಿಯಲ್ಲಿ ಕಸ್ತೂರಿ ಕಂಡಳು. ಯಾರೋ ಹೇಳಿರಬೇಕು, ಒದ್ದೆ ಸೆರಗಿನಲ್ಲೇ ಓಡಿ ಬರುತ್ತಿದ್ದಳು. ಅವಳು ಒಳಗೆ ಬಂದರೆ ನಾನು ಏಳಬೇಕು. ಅಷ್ಟರಲ್ಲಿ ನರ್ಸ್ ಹುಡುಗಿ ಹಾಯುತ್ತ, “ಎದಿಗೆ ಕಾವಲು ಬಂತೇನ್ರಿ?” ಎಂದು, ಅರ್ಧ ತಾಸು ಮುಗಿಯಿತೇ ಎಂಬ ಅರ್ಥದಲ್ಲಿ, ವಾಡಿಕೆಯಂತೆ ಕೇಳಿದಳು. ನಾನು “ಬಂತ್ರಿ” ಎಂದುಬಿಟ್ಟೆ. ಬೇಕೆಂದೇ ಅಂದೆ, ಸಿಸ್ಟರ್. ಕೆಂಪು ಮದ್ದು ಶುರುವಾದರೆ ನನ್ನನ್ನು ಯಾರೂ ಏಳಿಸುವಂತಿಲ್ಲ, ಆ ಸಲದ ಎದೆಯಾಳು ನಾನೇ ಆಗುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು. ಅವ್ವನ ಹೃದಯ ನೆನಪಿಗೇ ಬರಲಿಲ್ಲ.

ಹುಡುಗಿ ಕೆಂಪು ಮದ್ದನ್ನು ಕೈಗೆ ತೆಗೆದುಕೊಂಡಿದ್ದಳು. ಅವ್ವ ಎದ್ದು ಕೂತಳು. “ತಡೀ ತಂಗಿ, ಏರಿಸಬ್ಯಾಡ. ಇನ್ನೂ ಅರ್ಧ ತಾಸು ಆಗಿಲ್ಲ,” ಎಂದಳು. ಹುಡುಗಿ ಗಡಿಯಾರ ನೋಡಿ ಕೆಂಪು ಮದ್ದನ್ನು ಕೆಳಗಿಟ್ಟಳು. ಅವ್ವ ನನ್ನನ್ನು ಬೈಯಲಿಲ್ಲ. ಮೆಲ್ಲಗೆ ಹೇಳಿದಳು: “ಇದಕ್ಕ ನೋಡವಾ, ನಿನ್ನ ಹೆಸರು ಬರಸಲಿಲ್ಲ. ನೀ ಕುಂತ್ರ ನಾ ನಿನ್ನ ಮಾರಿ ನೋಡಬೇಕಾಕ್ಕೈತಿ, ಅತ್ರ ಸಮಾಧಾನ ಮಾಡಬೇಕಾಕ್ಕೈತಿ. ಕಸ್ತೂರಿ ನನ್ನ ಮಾರಿ ನೋಡಂಗಿಲ್ಲ, ಗಡಿಯಾರ ನೋಡತಾಳ. ಆಕಿ ಇದ್ರ ನಾ ಒಂದೀಟು ಕಣ್ಣ ಮುಚ್ಚತೇನಿ.”

ನಾನು ಎದ್ದೆ. ಕಸ್ತೂರಿ ಕೂತಳು. “ಅಕ್ಕಾರ, ಎಷ್ಟು ಹೊತ್ತಿಗೆ ಪಟ್ಟಿ ಕಟ್ಟ್ಯಾರ್ರಿ?” ಎಂದಷ್ಟೇ ಕೇಳಿದಳು. ನಾನು ಹೇಳಿದ ಸುಳ್ಳಿನ ಮಾತನ್ನು ಅವಳು ಅಂದೂ ಎತ್ತಲಿಲ್ಲ, ಈವರೆಗೂ ಎತ್ತಿಲ್ಲ. ನಾನು ಬಾಗಿಲು ದಾಟುವ ಮೊದಲೇ ಅವ್ವನಿಗೆ ನಿದ್ದೆ ಹತ್ತಿತ್ತು.

ಅವ್ವನಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಎಂದಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಇದಕ್ಕೆ ಏನು ಮಾಡಲಿ? ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ, ಹೆಚ್ಚೇ ಆಗಿದೆ. ಇಷ್ಟು ವರ್ಷ ಸೇವೆ ಮಾಡಿದ ನನ್ನ ಮುಂದೆ ಅವ್ವನಿಗೆ ಬಾರದ ನಿದ್ದೆ, ಸಾರಿನ ಖಾರ ಗೊತ್ತಿಲ್ಲದವಳ ಮುಂದೆ ಬರುತ್ತದೆ. ಆ ನಿದ್ದೆಯ ಮೇಲೆ ನನಗೆ ಈಗ ಹೊಟ್ಟೆಕಿಚ್ಚು.

ಆದರೆ ಮೇಲೆ ಬರೆದ ಬೇಡಿಕೆಯನ್ನು ನೀವು ನಡೆಸಿಕೊಟ್ಟರೆ ಏನಾಗುತ್ತದೆಂದು ನಿನ್ನೆ ಅಡುಗೆ ಮಾಡುತ್ತ ಯೋಚಿಸಿದೆ. ಚೀಟಿಯಿಲ್ಲದಿದ್ದರೆ ಐದು ಸಲವೂ ಅಲ್ಲಿ ಕೂರುತ್ತಿದ್ದವಳು ನಾನೇ. ನನ್ನನ್ನು ಏಳಿಸಿ ಆ ಕುರ್ಚಿಯಲ್ಲಿ ಕೂರುವವರು ಯಾರೂ ಇರುತ್ತಿರಲಿಲ್ಲ. ಕಾಗದವನ್ನು ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ. ಅದಕ್ಕೇ ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಮೊದಲರ್ಧದಲ್ಲಿ ನಾನು ಕೇಳಿದ್ದನ್ನು ಮಾಡಬೇಡಿ. ಚೀಟಿ ಬರೆಸಿ. ಒಂದೇ ಹೆಸರು ಬರೆಸಿ. ಯಾರು ಎಷ್ಟೇ ಅತ್ತು ಕರೆದರೂ ರೋಗಿಯನ್ನೇ ಕೇಳಿ ಬರೆಸಿ.

ನಾಳೆ ಆರನೆಯ ಸಲ. ಕಸ್ತೂರಿ ಒಳಗಿರುತ್ತಾಳೆ. ಹೊರಗಿನ ಬೆಂಚಿನಿಂದ ಗಡಿಯಾರ ಕಾಣುವುದಿಲ್ಲ, ಆದ್ದರಿಂದ ಪಟ್ಟಿ ಕಟ್ಟಿದ ಕೂಡಲೇ ನಾನು ಒಂದರಿಂದ ಎಣಿಸಲು ಶುರು ಮಾಡುತ್ತೇನೆ. ಅರ್ಧ ತಾಸಿಗೆ ಸಾವಿರದ ಎಂಟುನೂರು. ನಡುವೆ ಯಾರು ಮಾತನಾಡಿಸಿದರೂ ಉತ್ತರ ಕೊಡುವುದಿಲ್ಲ. ನನ್ನ ಎಣಿಕೆ ಮುಗಿಯುವ ಮೊದಲು ಅವಳು ‘ಬಂತ್ರಿ’ ಅಂದಳೋ, ಬಾಗಿಲು ಒದ್ದುಕೊಂಡು ಒಳಗೆ ಹೋಗುತ್ತೇನೆ.

ಇಂತಿ,
ಗುರುಬಸವ್ವನ ಮಗಳು
ಇಂದುಮತಿ