ಐದನೇ ಲೋಟದ ಬೆಣ್ಣೆ ವಾಸನೆ

ಬೀಟೊಮ್,
೧೮ ನವೆಂಬರ್ ೨೦೧೮, ಭಾನುವಾರ

ಪ್ರೀತಿಯ ರೊಜಾಲಿಯಾ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಡಾರ್ಟ್‌ಮುಂಡ್‌ನ ಆ ಡಾಕ್ಟರು ಇನ್ನೂ ಮೆಟ್ಟಿಲು ಹತ್ತಬೇಡಿ ಅನ್ನುತ್ತಿದ್ದಾರೆಯೇ? ಅವರ ಮಾತು ಕೇಳು, ನಿನ್ನ ಹಟ ನನಗೆ ಗೊತ್ತು. ನಾನು ಗಟ್ಟಿಮುಟ್ಟಾಗಿದ್ದೇನೆ, ನಿನ್ನೆಯಿಂದಂತೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಾನು ದುಡಿದ ಬಿಯರ್ ಕಾರ್ಖಾನೆಯನ್ನು ಬ್ವಾಜೆಯ್ ಎಂಬವನು ಮತ್ತೆ ತೆರೆದಿದ್ದಾನೆ. ಅವನ ಮೊದಲ ಬಿಯರಿನ ಹೆಸರು 'ಎರಡನೇ ಪಾಳಿ'. ಲೇಬಲ್ ಮೇಲೆ ಮಸಿಮೆತ್ತಿದ ಮುಖದ ಗಣಿಯವನು, ಕೆಳಗೆ 'ನಮ್ಮಪ್ಪಂದಿರು ಮಾಡುತ್ತಿದ್ದ ಬಿಯರ್' ಎಂಬ ಸಾಲು. ಕುಡಿದವರು ಅಪ್ಪಂದಿರು, ಒಪ್ಪಿದೆ. ಆ ಕಾರ್ಖಾನೆಯ ನೆಲಮಾಳಿಗೆಯ ಚಳಿಯಲ್ಲಿ ತಲೆಗೆ ಬಟ್ಟೆ ಬಿಗಿದು ಇಪ್ಪತ್ತಾರು ವರ್ಷ ಬಿಯರ್ ಹುದುಗುವ ತೊಟ್ಟಿ ಕಾದವಳು ನಾನು!

ನಿನ್ನೆ ಮಧ್ಯಾಹ್ನ ಗಣಿಯವರ ಹಳೆಯ ಸ್ನಾನದ ಮನೆಯಲ್ಲಿ ರುಚಿ ನೋಡುವ ಕೂಟವಿತ್ತು. ಹಂದಿಕೊಬ್ಬು ಸವರಿದ ರೊಟ್ಟಿ, ಉಪ್ಪುನೀರಿನ ಸೌತೆಕಾಯಿ, ಬೇರೆ ಬೇರೆ ಕಾರ್ಖಾನೆಗಳ ಐದು ಲಾಗರ್ ಬಿಯರ್‌ಗಳು. ಲೇಬಲ್ ಮೇಲೆ ಹಡಗುಕಟ್ಟೆಯ ಬೆಸುಗೆಯವನ ಚಿತ್ರವಿದ್ದದ್ದು ಹದವಾಗಿ ಕಹಿ. ಉಕ್ಕಿನ ಕುಲುಮೆಯ ಚಿತ್ರವಿದ್ದದ್ದು ಸುಟ್ಟ ರೊಟ್ಟಿಯಂಚಿನ ಹಾಗೆ ಘಮಘಮ. ಐದನೆಯದು ಬ್ವಾಜೆಯ್‌ನದು. ವಾರ್ಸಾದಿಂದ ಬಂದ ಪರಿಣತರೊಬ್ಬರು ಬಾಯಿ ಚಪ್ಪರಿಸಿ ಹೊಗಳಿದರು. ನಾನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಎಲ್ಲೋ ಆಳದಲ್ಲಿ ಬೆಣ್ಣೆಯ ವಾಸನೆ. ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರನ್ನು ತಣ್ಣಗೆ ಮಾಡಿದರೆ ಹೀಗಾಗುತ್ತದೆ. ಅದನ್ನೇ ಸೋಮವಾರ ಆರು ಸಾವಿರ ಸೀಸೆಗೆ ತುಂಬುವುದಿತ್ತು! ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ರೊಟ್ಟಿ ಮೇಲಿನ ಕೊಬ್ಬು ಮೂಗಿಗೆ ಬಡ್ದಿರ್ಬೇಕು ಅಜ್ಜೀ" ಎಂದು ಪರಿಣತರು ನಕ್ಕರು. ನಮ್ಮ ಪಕ್ಕದ ಮನೆಯ ಅಲೊಯ್ಸ್ ಕೂಡ, "ಒಟಿಲಿಯಾ, ಊರಿನ ಮರ್ಯಾದೆ ತೆಗೀಬೇಡ್ವೇ" ಎಂದು ಮೊಣಕೈಯಿಂದ ತಿವಿದ. ಎದ್ದು ಹೋಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಬ್ವಾಜೆಯ್ ನಗಲಿಲ್ಲ. "ತೋರಿಸ್ತೀರಾ?" ಎಂದ.

ಎರಡು ಲೋಟಗಳಿಗೆ ಅವನ ಬಿಯರ್ ಸುರಿದು ತಟ್ಟೆ ಮುಚ್ಚಿದೆ. ಒಂದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೆ, ಇನ್ನೊಂದನ್ನು ಹೋಲಿಸಿ ನೋಡಲು ಹೊರಗೆ. ಬಿಸಿ ತಾಗಿದರೆ ಅಡಗಿದ ಬೆಣ್ಣೆ ವಾಸನೆ ಹೊರಬೀಳುತ್ತದೆ. ಅರ್ಧ ಗಂಟೆ ಅಕ್ಕಾ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಿಸಿಯಾದದ್ದನ್ನು ತಣಿಸಿ ತಟ್ಟೆ ತೆಗೆದದ್ದೇ ತಡ, ಮೊದಲು ಮೂಗು ಇಟ್ಟವನು ಅಲೊಯ್ಸ್. "ಅಯ್ಯಯ್ಯೋ, ಇದೇನು ಬಿಯರೋ ಪಾಪ್‌ಕಾರ್ನೋ!" ಪರಿಣತರು ಮೂಸಿದರು, ಇನ್ನೊಮ್ಮೆ ಮೂಸಿದರು, ತಮ್ಮ ಚೀಟಿಯಲ್ಲಿ ಬರೆದುಕೊಂಡಿದ್ದ ಹೊಗಳಿಕೆಯನ್ನು ಹೊಡೆದುಹಾಕಿದರು. ಬ್ವಾಜೆಯ್ ಎಲ್ಲರೆದುರು, "ಅವಸರ ಮಾಡ್ಬಿಟ್ಟೆ, ತಪ್ಪು ನಂದೇ. ಈಗೇನ್ ಮಾಡ್ಲಿ ಅಮ್ಮಾ?" ಎಂದು ಕೇಳಿದ. ತೊಟ್ಟಿಯನ್ನು ಸ್ವಲ್ಪ ಬೆಚ್ಚಗೆ ಮಾಡು, ಯೀಸ್ಟಿಗೆ ಇನ್ನೊಂದು ವಾರ ಬಿಡು ಎಂದೆ. ಸೋಮವಾರದ ಕೆಲಸವನ್ನು ಅಲ್ಲೇ ನಿಲ್ಲಿಸಿದ. ಮುದಿ ಗಣಿಯವರೆಲ್ಲ ಲೋಟದಿಂದ ಮೇಜು ಕುಟ್ಟಿ ನನ್ನ ಹೆಸರು ಕೂಗಿದರು. ಗಂಡಸರು ನನ್ನ ಹೆಸರು ಕೂಗಿದ್ದು ಜನ್ಮದಲ್ಲಿ ಇದೇ ಮೊದಲು.

ಭಾವನಿಗೆ ನಮಸ್ಕಾರ ಹೇಳು. ಗಣಿಯವರನ್ನು ಕಾಯುವ ಸಂತ ಬಾರ್ಬರಾ ನಿನ್ನ ಮಂಡಿಯನ್ನೂ ಕಾಯಲಿ.

ನಿನ್ನ ತಂಗಿ,
ಒಟಿಲಿಯಾ

ಮರೆತೆ: ಗಂಡ ತೀರಿಹೋದಮೇಲೆ ಒಬ್ಬಳೇ ಇರಬೇಡವೆಂದು ನಿನ್ನ ಮನೆಯಲ್ಲಿ ನನಗಾಗಿ ಬಣ್ಣ ಹೊಡೆಸಿಟ್ಟಿದ್ದೀಯಲ್ಲ, ಆ ಕೋಣೆ ಬೇರೆ ಯಾರಿಗಾದರೂ ಕೊಡು. ನಾನು ಬರುವುದಿಲ್ಲ. ವಾರಕ್ಕೆ ಮೂರು ದಿನ ತೊಟ್ಟಿ ನೋಡಿಕೊಳ್ಳಲು ಬ್ವಾಜೆಯ್ ಕರೆದಿದ್ದಾನೆ. ನಾಳೆ ಬೆಳಿಗ್ಗೆ ಆರಕ್ಕೆ ಹಾಜರಾಗಬೇಕು. ಅರವತ್ತೊಂಬತ್ತು ವಯಸ್ಸಾಯಿತು ಎಂದೆ. ನಾಲಿಗೆಗೆ ಎಷ್ಟು ವಯಸ್ಸು ಎಂದು ಕೇಳಿದ. ಒಪ್ಪಿಕೊಂಡೆ.