ಯಾರ ಕಡೆಯವರು?

ಮಾರ್ಚ್ 3, ಮಧ್ಯಾಹ್ನ

ಕನ್ನಡಕದಂಗಡಿಯಲ್ಲಿ ಗಿರಾಕಿ ಇಲ್ಲ. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಫೋನಿನಲ್ಲಿ ಕಥೆ ಗುಂಪು ತೆರೆದೆ. ಅಡ್ಮಿನ್ ಆದ ಮೇಲೆ ಇದೂ ಒಂದು ನೌಕರಿ. ಈ ವಾರದ ಕಥೆ ಹಡಗಿನ ಅಡುಗೆಯವನದು. ಮೇಷ್ಟ್ರು—ಕಾಲೇಜಿನಿಂದ ನಿವೃತ್ತರು, ಗುಂಪಿಗೆಲ್ಲ ಹಿರಿಯರು—ಮುಕ್ತಾಯದ ಬಗ್ಗೆ ತೂಕವಾಗಿ ಬರೆದಿದ್ದಾರೆ. ಅದರ ಕೆಳಗೇ 'ಹೊಲಿಗೆಯಮ್ಮ': "ನಮ್ಮೆಜಮಾನ್ರಿಗೂ ಉಪ್ಪು ಒಂದು ಕಲ್ಲು ಜಾಸ್ತೀನೇ ಬೇಕಿತ್ತು. ಒಂದ್ಸಲ ಏನಾಯ್ತು ಅಂದ್ರೆ..."

ಏನಾಯ್ತು ಅನ್ನುವುದು ಪುಟಗಟ್ಟಲೆ. ಕಥೆ ಅತ್ತ, ಇವಳು ಇತ್ತ.

ಹೊಲಿಗೆಯಮ್ಮ ನನ್ನ ಅಮ್ಮ. ಅಪ್ಪ ಹೋದ ಮೇಲೆ ಹೊತ್ತು ಹೋಗಲಿ ಅಂತ ನಾನೇ ಸೇರಿಸಿದ್ದು. ಗುಂಪಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಬಾರದು ಅಂತೇನಿಲ್ಲ... ಸಂದರ್ಭ ಬರಲಿಲ್ಲ.

ಮಾರ್ಚ್ 6

"ಇವತ್ತು ಯಜಮಾನರ ಎಷ್ಟನೇ ಕಂತು?" ಅಂತ ಒಬ್ಬ ಹಾಕಿದ. ಸಾಲಾಗಿ ನಗುವ ಮುಖಗಳು. ನಾನೂ ಒಂದು ಒತ್ತಿದೆ.

ಮನೆಯಲ್ಲಿ ಮೆತ್ತಗೆ ಹೇಳಿದೆ: "ಅಮ್ಮಾ, ಅಲ್ಲಿ ಕಥೆ ಬಗ್ಗೆ ಅಷ್ಟೇ ಬರೀಬೇಕು."

"ಕಥೆ ಓದಿದ್ರೆ ನಿಮ್ಮಪ್ಪಾನೇ ನೆನಪಾಗ್ತಾರೆ ಕಣೇ. ಎಲ್ಲಿ ಹೇಳ್ಲಿ? ಮನೇಲಿ ಅವರ ಮಾತೆತ್ತಿದ್ರೆ ನೀನು ಎದ್ದು ಹೋಗ್ತೀಯ."

ನಿಜ. ಆಗಲೂ ತಟ್ಟೆ ತೊಳೆಯುವ ನೆಪದಲ್ಲಿ ಎದ್ದಿದ್ದೆ.

ಮಾರ್ಚ್ 11, ಮಧ್ಯಾಹ್ನ

ಈ ವಾರದ್ದು ಆಸ್ಪತ್ರೆಯ ಕಥೆ. ಅಮ್ಮ ಬರೆದಳು: "ನಮ್ಮೆಜಮಾನ್ರು ಆಸ್ಪತ್ರೆ ಲಿಫ್ಟ್ ನಡೆಸ್ತಿದ್ರು. ಹೆರಿಗೆಗೆ ಬಂದೋರನ್ನ ಮೇಲೆ ಹತ್ತಿಸೋರೂ ಅವ್ರೇ, ಹೆಣ ಕೆಳಗಿಳಿಸೋರೂ ಅವ್ರೇ."

ಹಿಂದೊಮ್ಮೆ ಗುಂಪಿನಲ್ಲಿ "ಅಪ್ಪ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು" ಅಂತ ಬರೆದಿದ್ದೆ. ಮೇಷ್ಟ್ರು ಅಂದಿನಿಂದ 'ಡಾಕ್ಟರ ಮಗಳು' ಅನ್ನುತ್ತಾರೆ. ಅಲ್ಲ ಅನ್ನಲಿಲ್ಲ. ಹಿತವಾಗಿತ್ತು.

ಅಷ್ಟರಲ್ಲಿ ಮೇಷ್ಟ್ರು: "ಈ ಹೊಲಿಗೆಯಮ್ಮ ಯಾರ ಕಡೆಯವರು? ವಿಷಯ ಬಿಟ್ಟು ಊರೆಲ್ಲ ಸುತ್ತುತ್ತಾರೆ. ಅಡ್ಮಿನ್ ಗಮನಿಸಲಿ."

ಬರೆದೆ: "ಗೊತ್ತಿಲ್ಲ ಸರ್. ಯಾರೋ ಲಿಂಕ್ ಹಿಡಿದು ಬಂದಿರಬೇಕು. ಮತ್ತೆ ಹೀಗಾದರೆ ತೆಗೆದುಹಾಕುತ್ತೇನೆ."

ಅಮ್ಮನ ಉತ್ತರ ಬಂತು: "ಹೌದು ಸರ್. ನಂಗೆ ಇಲ್ಲಿ ಯಾರೂ ಪರಿಚಯ ಇಲ್ಲ. ತಪ್ಪಾಯ್ತು. ಪಾಪ, ಆ ಹುಡುಗೀನ ಏನೂ ಅನ್ಬೇಡಿ."

ಆಮೇಲೆ ಗುಂಪು ಬಿಟ್ಟು ಹೋದಳು.

ಮಾರ್ಚ್ 11, ಸಂಜೆ

ಮನೆಯ ಬೀದಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ. ತಿರುಗಿ ಬಂದೆ. ಅಮ್ಮ ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು.

"ಕೈಕಾಲು ತೊಳ್ಕೋ. ಊಟ ಬಿಸಿ ಇದೆ."

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರ್ಚ್ 19, ಮಧ್ಯಾಹ್ನ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಅಮ್ಮ ಈಗ ದಾರದ ಬಣ್ಣ, ಸೆಕೆ, ನಲ್ಲಿ ನೀರು—ಇವಿಷ್ಟೇ ಮಾತಾಡುತ್ತಾಳೆ. ಅಪ್ಪನ ಹೆಸರಿಲ್ಲ. ನನಗೆ ಬೇಕಾಗಿದ್ದದ್ದೂ ಇದೇ ಅಲ್ಲವೇ? ಗುಂಪಿನಲ್ಲೂ ಯಾರೂ ಗೆರೆ ದಾಟುತ್ತಿಲ್ಲ.

ಇವತ್ತು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಹಾಕಿದೆ: "ವಿಷಯ ಬಿಟ್ಟು ಬರೆಯುತ್ತಿದ್ದೇನೆ. ಹೊಲಿಗೆಯಮ್ಮ ನನ್ನ ಹೆತ್ತ ತಾಯಿ. ಲಿಫ್ಟ್ ನಡೆಸುತ್ತಿದ್ದವರು ನನ್ನ ಅಪ್ಪ. ಅವರು ಡಾಕ್ಟರಲ್ಲ. ಗೊತ್ತಿಲ್ಲ ಅಂದದ್ದು ಸುಳ್ಳು."

ಎಲ್ಲರೂ ನೋಡಿದರು. ಕಡೆಗೆ ಮೇಷ್ಟ್ರು ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೆ: "ಈ ವಾರದ ಕಥೆಗೆ ಮರಳೋಣ."

ನಾನೇ ಬರೆದಿಟ್ಟ ನಿಯಮ.

ಮಾರ್ಚ್ 20, ಬೆಳಿಗ್ಗೆ

ಫೋನ್ ಅಮ್ಮನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದಳು.

"ನಾಲ್ಕು ಜನರ ಮುಂದೆ ಯಾಕೆ ಹೇಳ್ಕೊಳ್ಳೋಕೆ ಹೋದೆ?"

"ಮತ್ತೆ ಸೇರಿಸ್ತೀನಮ್ಮ."

"ಬೇಡ ಬಿಡು. ಅಲ್ಲಿ ಉಸಿರು ಬಿಡೋಕೂ ಅಪ್ಪಣೆ ಬೇಕು."

ಕೇಳಿದೆ: "ಅಪ್ಪ ನಿಂಗೆ ಮೊದಲು ಸಿಕ್ಕಿದ್ದೆಲ್ಲಿ?"

ನನ್ನನ್ನೇ ನೋಡಿದಳು. ಅಣಕಿಸುತ್ತಿದ್ದೇನೆ ಅಂದುಕೊಂಡಳೋ ಏನೋ. ಅದೂ ನನ್ನದೇ ಸಂಪಾದನೆ.

"ಅಂಗಡಿಗೆ ಹೊತ್ತಾಗಲ್ವಾ?"

"ಆಗ್ಲಿ."

ಮಿಷನ್ನಿನಿಂದ ಕಾಲು ತೆಗೆದಳು. ಆಸ್ಪತ್ರೆಗೆ ಹಾಸಿಗೆ ಬಟ್ಟೆ ಹೊಲಿದು ಕೊಡಲು ಹೋಗಿದ್ದಳಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಕೇಳಿದ್ದರೆ ತಾನೆ! ಮರೆತುಹೋದೀತೆಂದು ಎದುರಿಗೇ ಕೂತು ಗೀಚುತ್ತಿದ್ದೇನೆ. "ಪೆನ್ನು ಇಡೇ, ಮುಖ ನೋಡ್ಕೊಂಡು ಕೇಳು" ಅನ್ನುತ್ತಿದ್ದಾಳೆ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತೇಹೋಯಿತಂತೆ, ಒಳಗೆ ಇವರಿಬ್ಬರೇ, ಅಪ್ಪ ಕೇಳಿದ ಮೊದಲ ಮಾತು—